ಈಸ್ಟರ್ ಮ್ಯಾಪ್ ಹೆಸರಿನ ಕಲ್ಲು

ವಿಲೆಟ್ಟಾ ಮ್ಯಾಪ್‌ಗೆ ಕೊಳಕು ಕಂಡರೆ ಆಗುತ್ತಿರಲಿಲ್ಲ. ಕಾಲ್ವರ್ಟನ್ ಊರಿನ ಕರಿಯರ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಹೇಳಿದವಳು. ಮಕ್ಕಳ ಉಗುರು, ಕತ್ತಿನ ಹಿಂಭಾಗ, ಕಾಲರಿನ ಅಂಚು ನೋಡದೆ ಒಂದು ದಿನವೂ ಪುಸ್ತಕ ತೆರೆಸಿದವಳಲ್ಲ. ಬಿಳಿಯರು ನಮ್ಮನ್ನು ಬಡವರೆನ್ನಲಿ, ದಡ್ಡರೆನ್ನಲಿ, ಕೊಳಕರು ಎನ್ನುವುದಕ್ಕೆ ಮಾತ್ರ ಎಡೆ ಕೊಡಬಾರದು ಎಂಬುದು ಅವಳ ಸಿದ್ಧಾಂತ. ಅವಳ ಕೈಯಲ್ಲಿ ಕಲಿತವರಲ್ಲಿ ಅವಳನ್ನು ಪ್ರೀತಿಸಿದವರು ಕಡಿಮೆ, ಹೆದರದವರು ಯಾರೂ ಇರಲಿಲ್ಲ. ಮದುವೆಯಾಗಲಿಲ್ಲ. ತನ್ನನ್ನು ಸಾಕಿದ ಟೆಂಪಿ ಚಿಕ್ಕಮ್ಮನನ್ನು ಜೊತೆಗಿಟ್ಟುಕೊಂಡು, ಹಿತ್ತಲ ಕಾಲುದಾರಿಯನ್ನೂ ಬಿಡದೆ ಗುಡಿಸಿಕೊಂಡು, ಒಪ್ಪವಾಗಿ ಬದುಕಿದಳು.

ಅವಳ ತಾಯಿ ಈಸ್ಟರ್ ಮ್ಯಾಪ್ ಜಡ್ಜ್ ಬ್ಯಾನಿಂಗ್ ಮನೆಯ ಅಡುಗೆಯವಳಾಗಿದ್ದಳು. ಒಂದು ದಿನ ಆ ಮನೆಯ ಒಲೆಯ ಮುಂದೆಯೇ ಕುಸಿದು ಸತ್ತಳು. ಅಂದು ಅಲ್ಲಿ ಔತಣವಿತ್ತು. ಊಟ ಮುಗಿದು, ಕಾಫಿಯಾಗಿ, ಅತಿಥಿಗಳು ಗಾಡಿ ಹತ್ತಿದ ಮೇಲೆ ಈಸ್ಟರಳ ಮನೆಗೆ ಹೇಳಿ ಕಳಿಸಿದರು. ವಿಲೆಟ್ಟಾ ಆಗ ಚಿಕ್ಕ ಹುಡುಗಿ. ಮಾರನೆಯ ದಿನ ತಾಯಿಯನ್ನು ಸೀಡರ್ ದಿಣ್ಣೆಯ ಕೆಳಭಾಗದಲ್ಲಿ ಹೂಳಿದರು.

ಸೀಡರ್ ದಿಣ್ಣೆ ಎಂದರೆ ಜಾರ್ಜಿಯದ ಆ ಭಾಗಕ್ಕೆಲ್ಲ ಹೆಸರುವಾಸಿಯಾದ ಹಳೆಯ ಸ್ಮಶಾನ. ಮೇಲ್ಭಾಗದಲ್ಲಿ ಒಬ್ಬ ರಾಜ್ಯಪಾಲ, ಒಬ್ಬ ಸೆನೆಟರ್, ಗುಲಾಮಗಿರಿ ಉಳಿಸಲು ಹೋರಾಡಿ ಸೋತ ಯುದ್ಧದ ಇಬ್ಬರು ಜನರಲ್ಲುಗಳು ಮಲಗಿದ್ದಾರೆ. ತನ್ನನ್ನು ಎತ್ತಾಡಿಸಿದ ದಾದಿಯ ಮೇಲೆ ಪದ್ಯ ಬರೆದು ಹೆಸರಾದ ಕವಯಿತ್ರಿಯೂ ಅಲ್ಲಿದ್ದಾಳೆ. ಆ ದಾದಿ ಗೋಡೆಯಿಂದಾಚೆ ಇದ್ದಾಳೆ. ಅವಳ ಹೆಸರು ಪದ್ಯದಲ್ಲೂ ಇಲ್ಲ. ಇಟ್ಟಿಗೆಯ ಆ ಗೋಡೆಯ ಈಚೆ ಅಮೃತಶಿಲೆಯ ದೇವದೂತರು, ಆಚೆ ಹಳ್ಳದವರೆಗೂ ಇಳಿಜಾರು, ಅದರ ತುಂಬ ಕರಿಯರ ಗೋರಿಗಳು. ಅಲ್ಲಿ ಕಲ್ಲು ನೆಡುವ ಅನುಕೂಲ ಇದ್ದವರು ಬೆರಳೆಣಿಕೆ. ಮರದ ಹಲಗೆ ನೆಟ್ಟರೆ ನಾಲ್ಕು ಮಳೆಗಾಲಕ್ಕೆ ಗೆದ್ದಲು ತಿನ್ನುತ್ತಿತ್ತು. ಉಳಿಯುತ್ತಿದ್ದದ್ದು ಪಾತ್ರೆಪಗಡ.

ಅದು ಅವರ ಹಿರಿಯರಿಂದ ಬಂದ ಪದ್ಧತಿ. ಸತ್ತವರು ಕೊನೆಯದಾಗಿ ಮುಟ್ಟಿದ ವಸ್ತುವನ್ನು ಗೋರಿಯ ಮೇಲಿಡಬೇಕು: ನೀರು ಕುಡಿದ ಲೋಟ, ಔಷಧಿಯ ಶೀಶೆ, ಲಾಟೀನಿನ ಗಾಜು, ಮಗುವಾದರೆ ಬೊಂಬೆಯ ತಲೆ. ಅಂಚಿಗೆ ಸಮುದ್ರದ ಚಿಪ್ಪು ಜೋಡಿಸಬೇಕು. ಇಡುವ ವಸ್ತುವನ್ನು ಒಡೆದೇ ಇಡಬೇಕು. ಈಸ್ಟರ್ ಸತ್ತ ದಿನ ಬೆಳಿಗ್ಗೆ ಮುಖ ತೊಳೆದು ಹೋಗಿದ್ದ ಬಿಳಿ ಹೂಜಿಯನ್ನು ಟೆಂಪಿ ಗೋರಿಯ ಹತ್ತಿರ ಒಯ್ದು, ಕಲ್ಲಿನಿಂದ ಅದರ ತಳ ಒಡೆದಳು. ಮನೆಯಲ್ಲಿದ್ದ ಒಂದೇ ಒಳ್ಳೆಯ ಹೂಜಿ ಅದು. ಯಾಕೆ ಒಡೆದೆ ಎಂದು ಹುಡುಗಿ ಅತ್ತಳು.

"ಇಡಿಯಾಗಿ ಇಟ್ರೆ ಸತ್ತೋರು ಮನೆಮಂದೀನ ಒಬ್ಬೊಬ್ಬರಾಗಿ ಕರ್ಕೊಂಡೋಗ್ತಾರೆ ಕಣೇ," ಎಂದಳು ಟೆಂಪಿ. "ಒಡೆದ್ರೆ ಕೊಂಡಿ ಕಳಚ್ತು. ಇನ್ನು ನಿಮ್ಮಮ್ಮ ಅಲ್ಲಿ, ನಾವಿಲ್ಲಿ."

ಭಾನುವಾರಗಳಂದು ಚಿಕ್ಕಮ್ಮನ ಜೊತೆ ಗೋರಿಗೆ ಹೋದಾಗ ಗೋಡೆಯ ಮೇಲೆ ಹತ್ತಿ ಕೂತ ಬಿಳಿಯರ ಮಕ್ಕಳು ಕೂಗುತ್ತಿದ್ದರು: ಸತ್ತ ಮೇಲೂ ನಿಮ್ಮೋರಿಗೆ ಪಾತ್ರೆ ತೊಳೆಯೋ ಕೆಲಸ ತಪ್ಪಲಿಲ್ವಾ ಅಂತ. ಟೆಂಪಿ ತಿರುಗಿಯೂ ನೋಡುತ್ತಿರಲಿಲ್ಲ. ವಿಲೆಟ್ಟಾಳ ಕಿವಿ ಮಾತ್ರ ಸುಡುತ್ತಿತ್ತು. ಆ ಸುಡುವಿಕೆ ಅವಳ ಜೊತೆಗೇ ಬೆಳೆಯಿತು. ಕಾಲೇಜು ಓದಿ ಬಂದ ಮೇಲೆ ಅವಳು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದಳು. ಅಮ್ಮನ ಗೋರಿಗೆ ಒಂದು ಕಲ್ಲು ನೆಡಿಸಬೇಕು, ದಿಣ್ಣೆಯ ಮೇಲ್ಭಾಗದಲ್ಲಿ ಇರುವಂಥದು, ಹೆಸರು ಕೆತ್ತಿದ್ದು. ಒಡಕು ಹೂಜಿಯ ಕೆಳಗೆ ಅಮ್ಮ ಇನ್ನು ಮಲಗಬಾರದು.

ಟೆಂಪಿಗೂ ಒಂದು ಆಸೆ ಇತ್ತು, ಆಸೆಯಲ್ಲ, ಹುಕುಂ. ತಾನು ಸತ್ತರೆ ಅಕ್ಕನ ಎಡಗಡೆ ಮಲಗಿಸಬೇಕು. ಹುಡುಗಿಯರಾಗಿದ್ದಾಗ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದದ್ದು ಹಾಗೆಯೇ. ವಿಲೆಟ್ಟಾ ಬೈಬಲ್ಲಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವ ಸಂಭ್ರಮ ಹತ್ತಿರ ಬಂದಾಗ ಕಾಲ್ವರ್ಟನ್ನಿನವರಿಗೂ ತಮ್ಮ ಊರನ್ನು ನೋಡಲು ಜನ ಬರುತ್ತಾರೆಂಬ ಆಸೆ ಹುಟ್ಟಿತು. ತೋರಿಸಲು ಊರಿನಲ್ಲಿ ಸ್ಮಶಾನ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಸ್ಮಶಾನದ ಸಮಿತಿಗೆ ಜಡ್ಜ್ ಬ್ಯಾನಿಂಗರ ಮೊಮ್ಮಗನ ಹೆಂಡತಿ ಅಧ್ಯಕ್ಷೆ. ಕಾಲ ಬದಲಾಗಿತ್ತು, ಸಮಿತಿಯಲ್ಲಿ ಒಬ್ಬ ಕರಿಯರಾದರೂ ಇರದಿದ್ದರೆ ಅಟ್ಲಾಂಟಾದ ಪತ್ರಿಕೆಯವರು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಮಿಸೆಸ್ ಬ್ಯಾನಿಂಗರ ಕಾರು ವಿಲೆಟ್ಟಾಳ ಮನೆಯ ಮುಂದೆ ನಿಂತಿತು. ಆಕೆ ಜಗಲಿಯ ಕೆಳಗೇ ನಿಂತು, "ಒಳಗೆ ಬರಬಹುದಾ, ಮಿಸ್ ಮ್ಯಾಪ್?" ಎಂದು ಕೇಳಿದರು.

ಆ ಊರಿನಲ್ಲಿ ಹುಟ್ಟಿ ಅರವತ್ತು ದಾಟುವವರೆಗೆ ಯಾವ ಬಿಳಿಯರ ಬಾಯಲ್ಲೂ ವಿಲೆಟ್ಟಾ 'ಮಿಸ್ ಮ್ಯಾಪ್' ಆಗಿರಲಿಲ್ಲ. ಅಂಗಡಿಯವನಿಗೆ, ಅಂಚೆಯವನಿಗೆ, ಶಾಲಾಮಂಡಲಿಯ ಯಜಮಾನರಿಗೆ ಅವಳು ಬರಿಯ ವಿಲೆಟ್ಟಾ. ಅವರ ಮೊಮ್ಮಕ್ಕಳಿಗೂ ಅಷ್ಟೇ. ಕುರ್ಚಿಯ ಮೇಲೆ ಒಂದು ಧೂಳಿನ ಕಣ ಇಲ್ಲದಿದ್ದರೂ ಅವಳು ಒರೆಸಿ ಕೊಟ್ಟಳು.

ಬಂದವರು ಹೋದ ಮೇಲೆ ಒಳಗಿನಿಂದ ಟೆಂಪಿ ಕೇಳಿದಳು. ಅವಳಿಗಾಗ ಕಣ್ಣಿನಲ್ಲಿ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ.

"ಬ್ಯಾನಿಂಗ್ ಮನೆಯೋಳು ನಮ್ಮನೇಲಿ ಕೂತಿದ್ಲಾ?"

"ಹೂಂ, ಚಿಕ್ಕಮ್ಮ. ಸಮಿತಿಗೆ ಸೇರ್ಕೊಳ್ಳಿ ಅಂತ ಕೇಳೋಕೆ ಬಂದಿದ್ರು."

"ಅಡುಗೆಯೋಳು ಬೇಕಾಗಿರ್ಬೇಕು," ಎಂದಳು ಟೆಂಪಿ.

ವಿಲೆಟ್ಟಾ ಸಮಿತಿಗೆ ಸೇರಿದಳು. ಎರಡು ಸಭೆಗಳಲ್ಲಿ ಬಾಯಿ ತೆರೆಯಲಿಲ್ಲ. ಮೂರನೆಯದರಲ್ಲಿ ಎದ್ದು ನಿಂತು, ಶಾಲೆಯಲ್ಲಿ ನಿಂತ ಹಾಗೆಯೇ ನಿಂತು, ತನ್ನ ಬೇಡಿಕೆ ಹೇಳಿದಳು. ಗೋಡೆಯಲ್ಲಿ ಮುಚ್ಚಿಹೋಗಿರುವ ಗೇಟನ್ನು ತೆರೆಯಬೇಕು. ಕೆಳಭಾಗವೂ ಸೀಡರ್ ದಿಣ್ಣೆಯೇ ಎಂದು ಒಪ್ಪಬೇಕು. ಬರುವ ಜನಕ್ಕೆ ಅದನ್ನೂ ತೋರಿಸಬೇಕು. ಒಬ್ಬ ನಿವೃತ್ತ ವಕೀಲ ನಯವಾಗಿಯೇ ಕೇಳಿದ, ಅಲ್ಲಿ ನೋಡುವಂಥವರು ಯಾರಿದ್ದಾರೆ ಅಂತ. ಅವಳು ಸಿದ್ಧವಾಗಿ ಬಂದಿದ್ದಳು. ಗುಲಾಮಗಿರಿ ಕಳೆದ ಮೇಲೆ ಶಾಸನಸಭೆಗೆ ಆರಿಸಿ ಹೋಗಿ ಅಲ್ಲಿಂದ ಹೊರದಬ್ಬಿಸಿಕೊಂಡು ಬಂದ ಏಬ್ನರ್ ಪೋಪ್. ಚರ್ಚು ಕಟ್ಟಿದ ರೆವರೆಂಡ್ ಟಾಲ್ಬರ್ಟ್. ಊರಿನ ಮೊದಲ ಕರಿಯ ವೈದ್ಯ ಲೈಟ್‌ಫುಟ್. ಮೂವರಿಗೂ ಕಲ್ಲುಗಳಿದ್ದವು, ಗೇಟಿನ ಹತ್ತಿರವೇ. ತಾಯಿಯ ಹೆಸರನ್ನು ಅವಳು ಹೇಳಲಿಲ್ಲ. ಅಡುಗೆಯವಳು ಗಣ್ಯಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಸಭೆ ಒಪ್ಪಿತು. ಇಷ್ಟು ಸುಲಭವಾಗಿ ಒಪ್ಪಿಯಾರು ಎಂದುಕೊಂಡಿರದ ವಿಲೆಟ್ಟಾ ಒಂದು ಮಾತು ಹೆಚ್ಚಿಗೆ ಆಡಿದಳು. ಬಳ್ಳಿ, ಪೊದೆ ಕಡಿಸಿದರೆ ಸಾಲದು. ಗೋರಿಗಳ ಮೇಲಿರುವ ಒಡಕು ಪಾತ್ರೆ, ಶೀಶೆ, ಚಿಪ್ಪು ಎಲ್ಲವನ್ನೂ ತೆಗೆಸಿ, ನೆಲ ಸಮ ಮಾಡಿಸಿ, ಮೇಲಿನ ಹಾಗೆಯೇ ಹುಲ್ಲು ಬೆಳೆಸಬೇಕು. ಮಿಸೆಸ್ ಬ್ಯಾನಿಂಗ್ ಸ್ವಲ್ಪ ಹಿಂಜರಿದರು. ಅದೇನೋ ನಿಮ್ಮವರ ನಂಬಿಕೆ ಎಂದು ಕೇಳಿದ್ದೇನಲ್ಲ ಎಂದರು. ಓದುಬರಹ ಇಲ್ಲದ ಕಾಲದ ಅಭ್ಯಾಸ, ಈಗ ಯಾರೂ ಪಾಲಿಸುವುದಿಲ್ಲ ಎಂದು ವಿಲೆಟ್ಟಾ ಉತ್ತರಿಸಿದಳು. ಹಾಗೆ ಹೇಳಬೇಕೆಂದು ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ.

ಮನೆಯಲ್ಲಿ ಟೆಂಪಿ ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಕಿವುಚಿ ತಿನ್ನುತ್ತಿದ್ದಳು. ವಿಷಯ ಕೇಳಿ ಚಮಚ ಕೆಳಗಿಟ್ಟಳು.

"ಈಸ್ಟರ್ ಹೂಜೀನೂನಾ?"

ವಿಲೆಟ್ಟಾ ಹೌದೆಂದಳು. ಕಲ್ಲು ಕೆತ್ತಿಸಲು ಆಗಲೇ ಹೇಳಿದ್ದಳು. ಇನ್ನೊಂದು ತಿಂಗಳಲ್ಲಿ ಬರುತ್ತಿತ್ತು.

"ಹಂಗಾದ್ರೆ ಕಲ್ಲು ಬರ್ಲಿ. ಮೊದ್ಲು ಅದನ್ನ ನೆಡು. ಆಮೇಲೆ ಹೂಜಿ ತೆಗೀತೀಯೋ, ನನ್ನ ತಲೆ ತೆಗೀತೀಯೋ, ತೆಗಿ."

ಆ ಮಾತು ಸರಿಯಾದ ಮಾತು. ವಿಲೆಟ್ಟಾಗೂ ಅದು ತಿಳಿಯಿತು. ಆದರೆ ಕಲ್ಲು ನೆಡಲು ಬರುವ ಶಿಲ್ಪಿ ಬಿಳಿಯ. ಅವನ ಮುಂದೆ ಆ ಒಡಕು ಲೋಟ, ಬೊಂಬೆಯ ತಲೆಗಳ ನಡುವೆ ನಿಂತು, ಇದು ನನ್ನ ತಾಯಿಯ ಜಾಗ ಎಂದು ತೋರಿಸುವುದನ್ನು ನೆನೆದರೇ ಅವಳ ಕಿವಿ ಬಿಸಿಯಾಯಿತು. ಅದನ್ನು ಚಿಕ್ಕಮ್ಮನಿಗೆ ಹೇಳಲಿಲ್ಲ.

"ನನ್ನ ತಾಯಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತು," ಎಂದಳು. "ಅದಕ್ಕೆ ಒಡಕು ಪಾತ್ರೆ ಬೇಕಾಗಿಲ್ಲ."

"ನನಗೆ ಬೇಕಲ್ಲೇ, ಕುರುಡಿಗೆ," ಎಂದಳು ಟೆಂಪಿ. ಆಮೇಲೆ ಚಮಚ ಎತ್ತಿಕೊಂಡಳು.

ಕೌಂಟಿ ಆಡಳಿತದ ಲಾರಿ, ಮುಂದೆ ಅಗಲವಾದ ಅಲಗು ಕಟ್ಟಿದ ಟ್ರಾಕ್ಟರು ಒಂದು ಸೋಮವಾರ ಬಂದವು. ವಿಲೆಟ್ಟಾ ಹ್ಯಾಟು, ಕೈಗವಸು ಹಾಕಿಕೊಂಡು ತಾನೇ ಮುಂದೆ ನಿಂತು ಕೆಲಸ ಮಾಡಿಸಿದಳು. ಆಳುಗಳಲ್ಲಿ ಹೆಚ್ಚಿನವರು ಅವಳ ಹಳೆಯ ವಿದ್ಯಾರ್ಥಿಗಳು. ಅವರು ಬಳ್ಳಿ ಕಡಿಯುವಾಗ ಮಾತಾಡುತ್ತ, ನಗುತ್ತ ಕಡಿದರು. ಪಾತ್ರೆಗಳನ್ನು ಎತ್ತುವ ಹೊತ್ತಿಗೆ ಮಾತು ನಿಂತಿತು. ರೂಫಸ್ ಗೇನ್ಸ್ ಎಂಬವನು ತನ್ನ ಮನೆತನದವರ ಗೋರಿಯಿಂದ ಒಂದು ನೀಲಿ ತಟ್ಟೆ ಎತ್ತಿಕೊಂಡು ಬಂದು ಟೋಪಿ ತೆಗೆದು ನಿಂತ.

"ಟೀಚರ್, ಇದು ನಮ್ಮಜ್ಜೀದು."

"ನಿಮ್ಮಜ್ಜಿ ತಟ್ಟೇಲಿಲ್ಲ ರೂಫಸ್, ಸ್ವರ್ಗದಲ್ಲಿದ್ದಾಳೆ. ಲಾರಿಗೆ ಹಾಕು."

ಅವನು ಹಾಕಿದ. ಎಸೆಯಲಿಲ್ಲ, ಇಟ್ಟ. ಹೂಜಿಯನ್ನು ವಿಲೆಟ್ಟಾ ತಾನೇ ಎತ್ತಿದಳು. ಹಗುರವಾಗಿತ್ತು, ತಳವಿಲ್ಲದ್ದರಿಂದ ಒಳಗೆ ಮಣ್ಣು ಕೂಡ ನಿಂತಿರಲಿಲ್ಲ. ಒಂದು ಗಳಿಗೆ ಮನೆಗೆ ಒಯ್ಯಲೇ ಎನಿಸಿತು. ಆಳುಗಳು ನೋಡುತ್ತಿದ್ದರು. ಎಲ್ಲರದನ್ನೂ ಹಾಕಿಸಿದವಳು ತನ್ನದನ್ನು ಉಳಿಸಿಕೊಂಡಳು ಎಂಬ ಮಾತು ಬರಬಾರದೆಂದು ಲಾರಿಗೆ ಹಾಕಿದಳು. ಅದಾದ ಮೇಲೆ ಟ್ರಾಕ್ಟರು ಓಡಿತು. ಬೇರು ಸಡಿಲವಾಗಿದ್ದ ಎರಡು ಓಕ್ ಮರಗಳನ್ನು ಉರುಳಿಸಿ, ಬುಡ ಕಿತ್ತು, ಹಳ್ಳದ ಕಡೆಯ ತಗ್ಗುಗಳನ್ನು ತುಂಬಿಸಿದರು. ಬಿತ್ತಿದ ಹುಲ್ಲು ಮಳೆಗೆ ಚೆನ್ನಾಗಿ ಹಿಡಿಯಿತು. ಹಾದಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ನೋಡಿದರು. ವಿಲೆಟ್ಟಾ ಆ ತಿಂಗಳು ಹೆಮ್ಮೆಯಿಂದ ಬೀಗಿದಳು.

ಕಲ್ಲು ಬಂದ ದಿನ ಅವಳು ಶಿಲ್ಪಿಯನ್ನೂ ಅವನ ಆಳನ್ನೂ ಕರೆದುಕೊಂಡು ಇಳಿಜಾರಿನಲ್ಲಿ ಇಳಿದಳು. ಅಮ್ಮನ ಗೋರಿ ದೊಡ್ಡ ಓಕ್ ಮರದಿಂದ ಹಳ್ಳದ ಕಡೆ ಸ್ವಲ್ಪ ಕೆಳಗೆ, ತಗ್ಗು ಶುರುವಾಗುವ ಕಡೆ. ಮರವಿರಲಿಲ್ಲ. ತಗ್ಗು ಇರಲಿಲ್ಲ. ಗೋಡೆಯಿಂದ ಹಳ್ಳದವರೆಗೆ ಒಂದೇ ಸಮನೆ ಹಸಿರು. ಇಲ್ಲಿ ಎಂದಳು. ಶಿಲ್ಪಿ ಗುದ್ದಲಿ ಊರಿದ. ತಡಿ ಎಂದು ಎಡಕ್ಕೆ ಸರಿದಳು. ಇಲ್ಲಿರಬೇಕು ಎಂದಳು. ಮತ್ತೆ ಮೇಲೆ ಹತ್ತಿ, ಗೋಡೆಯ ಕಡೆಯಿಂದ ಕಣ್ಣಂದಾಜು ನೋಡಿ, ಮತ್ತೆ ಇಳಿದಳು. ಶಿಲ್ಪಿ ಒಳ್ಳೆಯವನು, ಏನೂ ಅನ್ನದೆ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದ. ಹೊಸ ಹುಲ್ಲಿನ ಮೇಲೆ ವಿಲೆಟ್ಟಾಳ ಬೂಟಿನ ಗುರುತುಗಳು ಅಡ್ಡಾದಿಡ್ಡಿಯಾಗಿ ಮೂಡಿದವು.

ಆ ಹೊತ್ತಿಗೆ ಮಿಸೆಸ್ ಬ್ಯಾನಿಂಗ್ ಬಂದರು. ನಡೆದದ್ದು ಅವರಿಗೆ ಅರ್ಥವಾಗಲಿಲ್ಲ. ಜಾಗ ಆರಿಸುತ್ತಿದ್ದಾರೆ ಎಂದುಕೊಂಡರು. ಇಷ್ಟು ಕೆಳಗೆ ಯಾಕೆ, ಗೇಟಿನ ಹತ್ತಿರ ಆ ಮೂರು ಕಲ್ಲುಗಳ ಸಾಲಿನಲ್ಲೇ ಇದೂ ಇದ್ದರೆ ಬಂದವರಿಗೆ ಕಾಣುತ್ತದೆ, ನಮ್ಮ ಮನೆಯವರೂ ಈಸ್ಟರನ್ನು ಮರೆತಿಲ್ಲ ಎಂದರು. ವಿಲೆಟ್ಟಾ ಗೋರಿ ತಪ್ಪಿಹೋಗಿದೆ ಎಂದು ಹೇಳಬಹುದಾಗಿತ್ತು. ಹೇಳಿದರೆ, ತಪ್ಪಿಸಿದವರು ಯಾರು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆಗಲಿ ಎಂದಳು. ಕಲ್ಲು ಗೇಟಿನ ಪಕ್ಕ ನಿಂತಿತು. ಅಕ್ಷರಗಳು ಚೆನ್ನಾಗಿ ಬಂದಿದ್ದವು.

ಭಾನುವಾರ ಚರ್ಚು ಮುಗಿದ ಮೇಲೆ ಟೆಂಪಿ ತನ್ನನ್ನು ಅಕ್ಕನ ಹತ್ತಿರ ಕರೆದುಕೊಂಡು ಹೋಗೆಂದಳು. ವಿಲೆಟ್ಟಾ ಕೈಹಿಡಿದು ಗೇಟು ದಾಟಿಸಿ, ಕಲ್ಲಿನ ಮುಂದೆ ನಿಲ್ಲಿಸಿ, ಇಲ್ಲೇ ಚಿಕ್ಕಮ್ಮ ಎಂದಳು. ಜೀವಮಾನವೆಲ್ಲ, ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಬಾರಿಸಿದವಳು ಅವಳು.

ಟೆಂಪಿ ಮಂಡಿಯೂರಿದಳು. ಕಲ್ಲು ತಡವಿದಳು, ಹೆಸರಿನ ಮೇಲೆ ಬೆರಳಾಡಿಸಿದಳು. ಓದು ಬರದವಳಿಗೆ ಅದರಿಂದ ಏನೂ ತಿಳಿಯಲಿಲ್ಲ. ಹುಲ್ಲು ತಡವಿದಳು. ಆಮೇಲೆ ಹಾಗೆಯೇ ಕೂತು ಕೇಳಿಸಿಕೊಂಡಳು. ಯಾರೋ ಗೇಟು ನೂಕಿದರು, ಕೀಲು ಕಿರುಗುಟ್ಟಿತು.

"ಗೇಟು ಕಿವಿ ಪಕ್ಕದಲ್ಲೇ ಇದೆ," ಎಂದಳು. "ಈಸ್ಟರ್ ಹತ್ರ ಕೂತ್ರೆ ಹಳ್ಳದ ನೀರು ಕೇಳ್ತಿತ್ತು."

ವಿಲೆಟ್ಟಾ ಅವಳನ್ನು ಎಬ್ಬಿಸಲು ತೋಳು ಹಿಡಿದಳು. ಟೆಂಪಿ ಏಳಲಿಲ್ಲ.

"ಎಲ್ಲಿದ್ದಾಳೆ?"

"ಕೆಳಗೆ ಎಲ್ಲೋ."

"ಎಲ್ಲೋ ಅಂದ್ರೆ?"

"ಗೊತ್ತಾಗ್ತಿಲ್ಲ, ಚಿಕ್ಕಮ್ಮ."

ಟೆಂಪಿ ತನ್ನನ್ನು ಕೆಳಗೆ ಕರೆದೊಯ್ಯೆಂದಳು. ನೀರಿನ ಸದ್ದು ಕೇಳುವವರೆಗೆ ಇಳಿದು, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಅತ್ತಿತ್ತ ನಡೆದಳು. ಕೈಗೂ ಕಾಲಿಗೂ ಹುಲ್ಲು ಬಿಟ್ಟು ಬೇರೇನೂ ಸಿಗಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ.

"ಬಿಳೀರು ನೂರು ವರ್ಷ ನಮ್ಮನ್ನ ಗೋಡೆ ಆಚೆ ಇಟ್ರು," ಎಂದಳು. "ಆದ್ರೂ ಯಾರ್ ಎಲ್ಲಿದ್ದಾರೆ ಅಂತ ನಮಗೆ ಗೊತ್ತಿತ್ತು. ನೀನು ಒಂದು ವಾರಕ್ಕೆ ಎಲ್ಲಾರನ್ನೂ ಅಳಿಸಿಬಿಟ್ಟೆಯಲ್ಲೇ. ಓದ್ಸಿದ್ದಕ್ಕೆ ಸಾರ್ಥಕ ಆಯ್ತು."

ನಿನ್ನನ್ನು ಕಲ್ಲಿನ ಪಕ್ಕ ಮಲಗಿಸುತ್ತೇನೆ, ಅದರಲ್ಲಿ ಅಮ್ಮನ ಹೆಸರಿದೆ ಎಂದು ವಿಲೆಟ್ಟಾ ಹೇಳಿದಾಗ ಟೆಂಪಿ ನಕ್ಕಳು. ಹೆಸರಿನ ಪಕ್ಕ ಮಲಗೋಕೆ ನನಗೇನು ಓದು ಬರುತ್ತಾ ಎಂದಳು.

ಮುಂದಿನ ದಿನಗಳಲ್ಲಿ ಗೇನ್ಸ್ ಮನೆಯವರು, ಇನ್ನೂ ಕೆಲವು ಮನೆಯವರು ಬಂದು, ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತು, ಹಿಂತಿರುಗಿದರು. ಯಾರೂ ವಿಲೆಟ್ಟಾಳನ್ನು ಬೈಯಲಿಲ್ಲ. ಅವಳ ಮುಂದೆ ಬೈಯುವ ಧೈರ್ಯ ಅವರಿಗೆ ಚಿಕ್ಕಂದಿನಲ್ಲೇ ಹೋಗಿತ್ತು. ಚರ್ಚಿನಲ್ಲಿ ಅವಳ ಬೆಂಚಿನ ಮೇಲೆ ಜಾಗ ಖಾಲಿ ಉಳಿಯತೊಡಗಿತು, ಅಷ್ಟೇ.

ಟೆಂಪಿ ಮುಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಕೆಳಭಾಗದಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯದೆ ಅಗೆದರೆ ಇನ್ನೊಬ್ಬರ ಮೂಳೆಗೆ ಗುದ್ದಲಿ ತಾಗೀತೆಂದು ಸಮಿತಿ ಅಲ್ಲಿ ಹೊಸದಾಗಿ ಹೂಳುವುದನ್ನು ನಿಲ್ಲಿಸಿತ್ತು. ಆ ನಿರ್ಣಯಕ್ಕೆ ವಿಲೆಟ್ಟಾಳೂ ಕೈಯೆತ್ತಿದ್ದಳು. ಎತ್ತದಿರಲು ಕಾರಣ ಹೇಳುವುದು ಅವಳಿಂದ ಆಗಿರಲಿಲ್ಲ. ಟೆಂಪಿಯನ್ನು ಹೆದ್ದಾರಿಯ ಪಕ್ಕದ ಹೊಸ ಸ್ಮಶಾನದಲ್ಲಿ ಹೂಳಿದರು. ಅಲ್ಲಿ ನೆಲಕ್ಕೆ ಸಮನಾಗಿ ಹಿತ್ತಾಳೆಯ ಹಲಗೆಗಳು, ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡುತ್ತದೆ. ಎಡಗಡೆ ಯಾರೋ ಟೈರ್ ಅಂಗಡಿಯವನು, ಬಲಗಡೆ ಖಾಲಿ.

ಸೀಡರ್ ದಿಣ್ಣೆಗೆ ನೋಡುವವರು ಬಂದರು, ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿಯೇ ಬಂದರು. ಜನರಲ್ಲುಗಳನ್ನೂ ಕವಯಿತ್ರಿಯನ್ನೂ ನೋಡಿ, ಗೇಟಿನ ಮೂಲಕ ಕೆಳಗಿಳಿದು, ಏಬ್ನರ್ ಪೋಪ್‌ನಿಂದ ಆರಂಭಿಸಿ ನಾಲ್ಕು ಕಲ್ಲುಗಳ ಮುಂದೆ ನಿಲ್ಲುತ್ತಿದ್ದರು. ತೋರಿಸಲು ನೇಮಿಸಿದ ಕಾಲೇಜು ಹುಡುಗಿ ನಾಲ್ಕನೆಯದರ ಮುಂದೆ ಹೇಳುತ್ತಿದ್ದಳು, ಇಲ್ಲಿ ಮಲಗಿರುವವಳು ಈಸ್ಟರ್ ಮ್ಯಾಪ್, ಜಡ್ಜ್ ಬ್ಯಾನಿಂಗ್ ಮನೆಯ ನಂಬಿಕಸ್ಥ ಅಡುಗೆಯವಳು, ಕೊನೆಯ ಉಸಿರಿನವರೆಗೂ ಆ ಮನೆಯ ಸೇವೆ ಮಾಡಿದಳು ಅಂತ. ವಿಲೆಟ್ಟಾ ಒಂದು ಸಲ ಜನರ ಹಿಂದೆ ನಿಂತು ಅದನ್ನು ಕೇಳಿದಳು. ಕೊನೆಯ ಉಸಿರಿನ ಮಾತು ನಿಜವೇ. ಅಂದಿನ ಔತಣದ ವಿಷಯ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ವಿಲೆಟ್ಟಾಳೂ ಹೇಳಲಿಲ್ಲ, ಅಮ್ಮನ ವಿಷಯದಲ್ಲಿ ಒಂದನ್ನು ತಿದ್ದಲು ಹೊರಟರೆ ಎಲ್ಲವನ್ನೂ ತಿದ್ದಬೇಕಾಗುತ್ತಿತ್ತು.

ಅವಳಿಗೆ ಎಂಬತ್ತು ಸಮೀಪಿಸಿದಾಗ ಸಮಿತಿಯವರು ಒಂದು ಸತ್ಕಾರ ಏರ್ಪಡಿಸಿದರು. ಬ್ಯಾನಿಂಗ್ ಮನೆಯ ದೊಡ್ಡ ಕೋಣೆಯಲ್ಲಿ, ಆ ಹಳೆಯ ಅಡುಗೆಮನೆಗೆ ಒಂದೇ ಗೋಡೆಯ ಅಂತರದಲ್ಲಿ, ಅವಳನ್ನು ಕೂರಿಸಿ ಗೆಣಸಿನ ಪೈ ಕೊಟ್ಟರು. ಮಿಸೆಸ್ ಬ್ಯಾನಿಂಗ್ ಕೂಡ ಮುದುಕಿಯಾಗಿದ್ದರು. ಎದ್ದು ನಿಂತು, ಕೆಳಭಾಗಕ್ಕೆ ಮರ್ಯಾದೆ ತಂದುಕೊಟ್ಟವರು ಮಿಸ್ ಮ್ಯಾಪ್ ಎಂದರು. ಅಲ್ಲಿ ಇನ್ನು ಯಾರನ್ನೂ ಹೂಳುವಂತಿಲ್ಲವಾದರೂ ಅವರೊಬ್ಬರಿಗಾಗಿ ಆ ನಿಯಮ ಸಡಿಲಿಸಲು ಸಮಿತಿ ಒಮ್ಮತದಿಂದ ಒಪ್ಪಿದೆ ಎಂದರು.

"ನಿಮ್ಮ ತಾಯಿ ಪಕ್ಕದಲ್ಲೇ, ಮಿಸ್ ಮ್ಯಾಪ್," ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ.

ಎಲ್ಲರೂ ಅವಳ ಮುಖ ನೋಡಿದರು. ಬೇಡವೆಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳುವುದಕ್ಕೆ ಇಪ್ಪತ್ತು ವರ್ಷ ತಡವಾಗಿತ್ತು. ವಿಲೆಟ್ಟಾ ತಟ್ಟೆಯನ್ನು ಪಕ್ಕಕ್ಕಿಟ್ಟು, ತುಟಿ ಒರೆಸಿಕೊಂಡು, ನೆಟ್ಟಗೆ ಕೂತಳು.

"ನಿಮ್ಮ ದೊಡ್ಡ ಉಪಕಾರ, ಮಿಸೆಸ್ ಬ್ಯಾನಿಂಗ್," ಎಂದಳು.

ಎರಡು ವರ್ಷದ ಮೇಲೆ ಅವಳು ಸತ್ತಾಗ ಸಮಿತಿ ಕೊಟ್ಟ ಮಾತಿನಂತೆ ಗೇಟಿನ ಹತ್ತಿರ ಆ ಕಲ್ಲಿನ ಪಕ್ಕದಲ್ಲೇ ಹೂಳಿದರು. ಮೇಯರ್ ಬಂದಿದ್ದ, ಪತ್ರಿಕೆಯವರು ಬಂದಿದ್ದರು. ರೂಫಸ್ ಗೇನ್ಸ್ ಗೋಡೆಯಾಚೆ ರಸ್ತೆಯಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ನೋಡಲು ಬರುವವರಿಗಾಗಿ ಗೇಟಿಗೆ ಹಾಕಿರುವ ಹಲಗೆಯ ಮೇಲೆ ಈಗ ಐದು ಹೆಸರುಗಳಿವೆ. ಕೊನೆಯದು ಅವಳದು.